ನೀರು ಬಂದ್

ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಬಿಸಿನೀರಿಗಾಗಿ ಪೇಚಾಡಿದೆ ಎಂದು ಹೇಳಿಕೊಳ್ಳಲು ನನಗೇ ನಾಚಿಕೆ. ವರ್ಷದ ಬಹುಭಾಗ ಮಾಳಿಗೆಯ ಮೇಲಿನ ನೀರಿನ ಟಾಕಿಯೇ ನಮಗೆ ಪುಕ್ಕಟೆ ಹಂಡೆ. ಮೇ ತಿಂಗಳಲ್ಲಿ ತಣ್ಣೀರು ಬೇಕೆಂದರೆ ಹಿಂದಿನ ದಿನವೇ ಬಕೆಟ್ ತುಂಬಿಡಬೇಕು. ಆದರೂ ಡಿಸೆಂಬರಿನ ಚಳಿಗೆಂದು ಒಂದು ಗ್ಯಾಸ್ ಗೀಸರ್ ತಂದು ಬಚ್ಚಲಿನ ಹೊರಗೋಡೆಗೆ ಹಾಕಿಸಿದೆ. ಒಳಗೆ ನಳ ತಿರುವಿದರೆ ಟಕ್ ಟಕ್ ಎಂದು ತಾನೇ ಹೊತ್ತಿಕೊಳ್ಳುತ್ತದೆ. ಮನಸ್ಸಾದರೆ ನಡುವೆ ತಾನೇ ಆರುತ್ತದೆ. ಯಾವಾಗ ಆರುತ್ತದೆಂದು ಪಂಚಾಂಗ ನೋಡಿಯೂ ಹೇಳಲಾಗದು.

ನನ್ನ ಸ್ನಾನದಲ್ಲಿ ಆರಿದ್ದನ್ನು ಹೇಗೋ ಸಹಿಸಿಕೊಂಡಿದ್ದೆ. ಒಂದು ದಿನ ಮಾವನ ಸ್ನಾನದಲ್ಲಿ ಆರಿತು. ಮಾವ ಕಮಲಾಪುರದ ನಿವೃತ್ತ ಮಾಸ್ತರರು. ತಿಂಗಳಿಗೊಮ್ಮೆ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಮಗಳನ್ನು ನೋಡಲು ಬರುವವರು. ಕಟ್ಟಾ ವೈಷ್ಣವರು. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಅಂದು ಅವರು ಮೈಗೆಲ್ಲ ಸಾಬೂನು ಹಚ್ಚಿಕೊಂಡಿರುವಾಗ ಬಚ್ಚಲಿನಿಂದ “ಬಂದ್! ಬಂದ್!” ಎಂದು ಕೂಗು ಕೇಳಿಸಿತು.

ನಮ್ಮ ಊರಿನಲ್ಲಿ ಇದು ಬಲು ಮೋಸದ ಮಾತು. ಉರ್ದುವಿನ ‘ಬಂದ್’ ಎಂದರೆ ನಿಂತುಹೋಯಿತು. ಕನ್ನಡದ ‘ಬಂದೆ’ ಎಂದರೆ ಇಗೋ ಹೊರಟೆ. ಸಾಲದ್ದಕ್ಕೆ ನಾವು ನೀರಿಗೆ ಬಹುವಚನ ಕೊಡುವ ಜನ. ಅಪರೂಪಕ್ಕೊಮ್ಮೆ ನಳ ಬಿಟ್ಟಾಗ ಯಾರಾದರೂ “ನೀರು ಬಂದ್ವು” ಎಂದರೆ ಓಣಿಗೆ ಓಣಿಯೇ ಕೊಡ ಹಿಡಿದು ಓಡುತ್ತದೆ. ನೀರು ನಿಂತರೆ ಬಂದ್, ಬಂದರೆ ಬಂದ್ವು! ಮುಚ್ಚಿದ ಬಾಗಿಲಿನ ಆಚೆಗೆ ಈ ಭೇದವನ್ನು ಯಾವ ವೈಯಾಕರಣಿಯೂ ಹಿಡಿಯಲಾರ.

ನಾನು ‘ಬಂದೆ’ ಎಂದು ತಿಳಿದು ಟವೆಲ್ ಹಿಡಿದು ನಿಂತು, “ಸಾವಕಾಶ ಬರ್ರಿ ಮಾಮಾ, ಗಡಿಬಿಡಿ ಏನಿಲ್ಲ” ಎಂದೆ. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸುಧಾ ‘ಬಂದ್ವು’ ಎಂದು ತಿಳಿದು ಅಲ್ಲಿಯ ನಳ ಪೂರ್ತಿ ಬಿಟ್ಟು ಕೊಡ ಇಟ್ಟಳು. ಮಾವ ಇನ್ನೆರಡು ಸಲ ಕೂಗಿದರು. ನಾನೂ ಇನ್ನೆರಡು ಸಲ ಸಮಾಧಾನ ಹೇಳಿದೆ. ಕೊನೆಗೆ ಸಣ್ಣಗೆ ಸುರಿಯುವ ತಣ್ಣೀರಿನಲ್ಲೇ ಮುಗಿಸಿ ಹೊರಗೆ ಬಂದವರ ಕಿವಿಯಲ್ಲಿ ಇನ್ನೂ ಸಾಬೂನಿನ ನೊರೆ ಇತ್ತು. ಇದು ಸ್ನಾನವೇ ಅಲ್ಲ ಎಂದು ಪೂಜೆಗೆ ಕೂಡಲಿಲ್ಲ. ಊಟ ಮಾಡದೆ ಮುಂದಿನ ಬಸ್ಸು ಹಿಡಿದರು.

“ನಮ್ಮಪ್ಪ ಈ ಮನ್ಯಾಗ ಉಣ್ಣದ ಹೋದ್ರು. ಇನ್ನ ಬರ್ತಾರೋ ಇಲ್ಲೋ” ಎಂದು ಸುಧಾ ಕಣ್ಣೊರೆಸಿಕೊಂಡಳು. ಅಂದಿನಿಂದ ನಾನು ಗೀಸರಿನ ಬೆನ್ನು ಹತ್ತಿದೆ. ಸೆಲ್ ಬದಲಿಸಿದೆ, ಸಿಲಿಂಡರ್ ಬದಲಿಸಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿ ತಿಕ್ಕಿದೆ. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. ಜಗತ್ ಸರ್ಕಲ್ ಕಡೆಯಿಂದ ಮೆಕ್ಯಾನಿಕ್ ಸಲೀಂಭಾಯಿ ಎರಡು ಸಲ ಬಂದರು. ಅವರೆದುರು ಅದು ಒಂದು ಸಲವಾದರೂ ಆರಬೇಕಲ್ಲ! ಮೂರನೆಯ ಸಲ ಅವರು, “ಮಶೀನ್ ಏಕದಂ ಬರೋಬರ್ ಅದ ಸಾಹೇಬ್ರ. ನೀವು ಖುದ್ದ ಸ್ನಾನ ಮಾಡ್ರಿ, ನಾ ಹೊರಗ ನಿಂತು ನೋಡ್ತೀನಿ” ಎಂದರು. ಐವತ್ತು ದಾಟಿದ ಮೇಲೆ ಮೆಕ್ಯಾನಿಕ್ಕಿನ ಮೇಲ್ವಿಚಾರಣೆಯಲ್ಲಿ ಸ್ನಾನ ಮಾಡುವ ಯೋಗ ನನಗೆ ಬಂತು.

ಅತ್ತ ಸುಧಾ ಸೊಪ್ಪು ತೊಳೆಯಲು ನಳ ತಿರುವಿದಳು; ಇತ್ತ ನನ್ನ ನೀರು ತಣ್ಣಗಾಯಿತು. “ನೀರು ಬಂದ್!” ಎಂದು ಒದರಿದೆ. ಅವಳು ಸೊಪ್ಪು ಬಿಟ್ಟು ನಳವನ್ನು ಪೂರ್ತಿ ತಿರುವಿದಳು.

“ಭಾಬೀ, ನಳಾ ಯಾಕ ಬಿಟ್ರಿ?” ಸಲೀಂಭಾಯಿ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ ಕೇಳಿದರು.

“ನೀರ ಬಂದ್ವು ಅಂತ ಅವ್ರ ಒದರಿದ್ರಲ್ಲ!”

ಸಲೀಂಭಾಯಿ ಗೋಡೆ ಹಿಡಿದುಕೊಂಡು ನಕ್ಕರು. “ಎರಡೂ ಕಡೀಗೆ ಒಂದ ಪೈಪ್ ಅದ. ಅಲ್ಲಿ ನಳಾ ಬಿಟ್ರ ಇಲ್ಲಿ ನೀರಿನ ಜೋರು ಕಮ್ಮಿ ಆಗ್ತದ, ಬೆಂಕಿ ತಾನ ಆರ್ತದ. ಮಶೀನ್ ಖರಾಬ್ ಇಲ್ರಿ ಸಾಹೇಬ್ರ, ಮಾತು ಖರಾಬ್ ಅದ.”

ನಾನೇ ಕಮಲಾಪುರಕ್ಕೆ ಹೋಗಿ ಮಾವನಿಗೆ ಎಲ್ಲವನ್ನೂ ವ್ಯಾಕರಣಸಹಿತ ವಿವರಿಸಿದೆ. ಹೋಂವರ್ಕ್ ಮಾಡದ ಹುಡುಗರ ಸಬೂಬುಗಳನ್ನು ಜೀವಮಾನವಿಡೀ ಕೇಳಿದವರು ಅವರು. ಮುಖ ಬಿಗಿದುಕೊಂಡೇ ಕೇಳಿದರು. ಆದರೂ ಮುಂದಿನ ವಾರ ಬಂದರು. ಅವರ ಸ್ನಾನ ಮುಗಿಯುವವರೆಗೆ ನಾನು ಅಡುಗೆಮನೆಯ ನಳಕ್ಕೆ ಕೈಯಿಟ್ಟು ಕಾವಲು ನಿಂತೆ. ನೀರು ಕೊನೆಯವರೆಗೂ ಬಿಸಿಯಾಗಿಯೇ ಇತ್ತು. ಪೂಜೆ ಮುಗಿಸಿ ಊಟಕ್ಕೆ ಕೂತರು.

“ಅಳಿಯಂದ್ರ, ತಣ್ಣೀರು ನನಗೇನು ಹೊಸಾದಲ್ಲ” ಎಂದರು. “ಊರಾಗ ದಿನಾ ಬಾವಿ ನೀರ ಹೊಯ್ಕೋತೀನಿ. ಆದ್ರ ಮಗಳ ಮನ್ಯಾಗ ಮೂರ ಸಲ ಒದರಿದ್ರೂ ಯಾರೂ ಕೇಳವಲ್ರಲ್ಲಾ ಅಂತ ಜೀವಕ್ಕ ಭಾಳ ಕೆಟ್ಟ ಅನಿಸ್ತು ನೋಡ್ರಿ.”

ಅಷ್ಟು ದಿನ ನಾನು ಸೆಲ್ಲು, ಜಾಲರಿ, ಪೈಪು ಎಂದು ಹುಡುಕಿದವನು ಅವರ ಮನಸ್ಸನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಹೋಳಿಗೆಯ ತಟ್ಟೆ ಎತ್ತಿಕೊಂಡೆ. ಮಾವ ಎಲೆಗೆ ಕೈ ಅಡ್ಡ ಹಿಡಿದು, “ಸಾಕು, ಸಾಕು” ಎಂದರು. ಈ ಸಲ ಅವರ ಮಾತು ನನಗೆ ಸರಿಯಾಗಿ ಕೇಳಿಸಿತು. ಇನ್ನೆರಡು ಬಡಿಸಿದೆ.