ಗಂಡನ ಪಿಸ್ತೂಲಿನ ಬೆಲೆ

ಬಿಳೇಕಹಳ್ಳಿಯ ಬೈರಮ್ಮನ ಗಂಡ ತೀರಿಕೊಂಡ ಮೇಲೆ, ಆತನ ಹಳೇ ಮಿಲಿಟರಿ ಮಾದರಿಯ ಪಿಸ್ತೂಲನ್ನು ಬಂದೂಕಿನ ಅಂಗಡಿಯಲ್ಲಿ ಜಮೆ ಮಾಡಿದ್ದರು. ಅದನ್ನು ಕೊಳ್ಳಲೆಂದೇ ಮೈದುನನ ಮಗ ನಂದಕುಮಾರ್ ಲೈಸೆನ್ಸ್ ಮಾಡಿಸಿಕೊಂಡು, ಬೈರಮ್ಮನನ್ನು ಆ ಅಂಗಡಿಗೆ ಕರೆತಂದ.

"ಗುಜರಿ ಮಾಲು ದೊಡ್ಡಮ್ಮ. ಐದು ಸಾವಿರ ಕೊಡ್ತೀನಿ."

ಅಂಗಡಿಯವನೂ ತಲೆಯಾಡಿಸಿದ. ಗುಜರಿಗಾಗಿ ಯಾರಾದರೂ ವರ್ಷಗಟ್ಟಲೆ ಲೈಸೆನ್ಸಿಗೆ ಅಲೆಯುತ್ತಾರೆಯೇ? ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಬೈರಮ್ಮನಿಗೆ ಅನ್ನಿಸಿತು.

"ಹಂಗಾದ್ರೆ ಬೇಡ ಬಿಡಪ್ಪ. ಸ್ಟೇಷನ್ನಿಗೆ ಒಪ್ಪಿಸ್ತೀನಿ, ಮುರಿದುಹಾಕ್ಲಿ."

"ಅಯ್ಯೋ ಬೇಡ! ನಲವತ್ತು ಸಾವಿರ ಕೊಡ್ತೀನಿ!"

ಅವಳ ಅನುಮಾನ ಇನ್ನೂ ಬಲವಾಯಿತು. ಜೊತೆಗೆ ಬಂದಿದ್ದ ಮಗಳು ಸೌಮ್ಯಳಿಗೆ ಹೇಳಿ ಬೇರೊಬ್ಬ ವ್ಯಾಪಾರಿಯನ್ನು ಅಲ್ಲಿಗೇ ಕರೆಸಿದಳು. ಆತ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಭಾಗಗಳ ಮೇಲಿನ ನಂಬರುಗಳನ್ನು ತಾಳೆ ಹಾಕಿದ.

"ಅಸಲಿ ಮಾಲೇ ಅಮ್ಮ. ಆದ್ರೆ ನಳಿಗೆ ಸವೆದಿದೆ. ಇಪ್ಪತ್ತು ಸಾವಿರ ನ್ಯಾಯವಾದ ಬೆಲೆ."

"ಮತ್ತೆ ನಲವತ್ತು ಯಾಕಂದೆ ನಂದ?"

ನಂದಕುಮಾರ್ ತಲೆ ತಗ್ಗಿಸಿದ. "ದೊಡ್ಡಪ್ಪನ ಸೊಂಟದಲ್ಲಿ ನೋಡ್ತಾ ಬೆಳೆದೋನು ನಾನು. ಅದನ್ನ ಮುರಿದುಹಾಕೋದು ಬೇಡ ಅಂತ."

ಬೈರಮ್ಮ ಇಪ್ಪತ್ತಕ್ಕೇ ಕೊಟ್ಟಳು. ಆದರೆ ಅವನು ಮೊದಲು ಐದು ಅಂದದ್ದನ್ನು ಮರೆಯಲಿಲ್ಲ. ಅವನು ಮುಂದಿಟ್ಟ ಮಾರಾಟದ ಕಾಗದವನ್ನು ಸೌಮ್ಯ ಎರಡು ಸಲ ಓದಿ ಹೇಳುವವರೆಗೂ ಪೆನ್ನು ಮುಟ್ಟಲಿಲ್ಲ.