ಪಾಯಸದಲ್ಲಿ ಬರೆದ ಬಾಲ

ಹೆಣ್ಣು ನೋಡಲು ಮಿಡಿಗೇಶಿಗೆ ಬಂದ ದಿನ, ಪೇಟ ಸುತ್ತಿದ ವಿಜ್ಞಾನದ ಮೇಷ್ಟರು ಮರುಳಸಿದ್ದಯ್ಯನವರ ಕೈಯಲ್ಲಿ ಹೂವಿನ ಬದಲು ಸೀಸೆಯಿತ್ತು. ಅದರೊಳಗೆ ಅಕ್ಕಿಕಾಳಿನಷ್ಟೇ ಇದ್ದ, ಚಿಪ್ಪಿಲ್ಲದ ಕಡಲ ಬಸವನಹುಳು. “ಗಂಡೋ, ಹೆಣ್ಣೋ?” ಎಂದು ಹುಡುಗಿ ಕಮಲಾಕ್ಷಮ್ಮ ಕೇಳಿದಳು. “ಎರಡೂ. ಅರ್ಧನಾರೀಶ್ವರ,” ಎಂದರು. ಮದುವೆಯಾದ ಮೇಲೆ ಉಂಡ ಪಂಕ್ತಿಯಲ್ಲೆಲ್ಲ ಎಲೆಯ ಮೇಲೆ ಪಾಯಸದಲ್ಲಿ ಆ ಹುಳುವಿನ ವೀರ್ಯಾಣುವನ್ನು ಬರೆದರು: “ತಲೆ ತಿರುಪುಮೊಳೆ ಇದ್ದಂಗೆ, ಬಾಲ ಉದ್ದ. ತಿರುಗ್ತಾ ಹೋಗಿ ಮೊಟ್ಟೆ ಸೇರ್ತದೆ.” “ಉಣ್ಣಾಕ್ ಬುಡಿ ಮೇಷ್ಟ್ರೇ,” ಎಂದು ಪಕ್ಕದವರು ಎಲೆ ಸರಿಸುತ್ತಿದ್ದರು. ಏಳು ವರ್ಷವಾದರೂ ಮಕ್ಕಳಾಗಲಿಲ್ಲ. “ಇವಳು ಬಂಜೆ ಕಣ್ಲಾ, ಇನ್ನೊಂದು ಹೆಣ್ಣು ತರ್ತೀನಿ,” ಎಂದು ತಾಯಿ ಹಟ ಹಿಡಿದರು. ಮೇಷ್ಟರು ತಮ್ಮ ವೀರ್ಯವನ್ನೇ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು, ನೆಂಟರೆಲ್ಲರ ಮುಂದೆ, “ಅವ್ವಾ, ಒಂದೂ ಅಲ್ಲಾಡ್ತಿಲ್ಲ. ಕೊರತೆ ನಂದು,” ಎಂದರು. ಈಗಲೂ ಅವರು ಎಲೆಯ ಮೇಲೆ ಬರೆಯುತ್ತಾರೆ. ಬಾಲಕ್ಕೆ ಪಾಯಸ ಸಾಲದಿದ್ದರೆ ಕಮಲಾಕ್ಷಮ್ಮ ಇನ್ನೊಂದು ಸೌಟು ಬಡಿಸುತ್ತಾಳೆ.