ಔಷಧಿ ಅಂಗಡಿಯ ಹಸಿರು

ಆ ಬೀದಿಯ ಅರ್ಧ ಬೋರ್ಡುಗಳು ಅವರು ಬರೆದವು. ಅದಕ್ಕೇ ಎಲ್ಲರ ಬಾಯಲ್ಲೂ ಅವರು ಬೋರ್ಡ್ ಮಾಸ್ತರು. ಪಾರ್ಶ್ವವಾಯು ಬಡಿದು ಬಲಗೈ ಬೆರಳುಗಳು ಮರಗಟ್ಟಿದ ಮೇಲೆ ಕುಂಚ ಹಿಡಿಯಲಾಗಲಿಲ್ಲ. ಅತ್ತದ್ದೂ ಇಲ್ಲ, ಗೊಣಗಿದ್ದೂ ಇಲ್ಲ. ಹಿತ್ತಿಲ ಕಡೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಬಡಿಸಿದರೆ ಉಂಡರು, ಮರೆತರೆ ಕೇಳಲಿಲ್ಲ.

ಸೊಸೆ ಕೈಕಟ್ಟಿ ಕೂಡುವವಳಲ್ಲ. ಹೊರಕೋಣೆಗೆ ಒಂದು ಪ್ರಿಂಟರನ್ನೂ ಮಗ್‌ಗಳ ಮೇಲೆ ಚಿತ್ರ ಒತ್ತುವ ಹೀಟ್ ಪ್ರೆಸ್ಸನ್ನೂ ತಂದಿಟ್ಟಳು.

"ಮಾವ, ಕಂಪ್ಯೂಟರ್ ನಾನು ನೋಡ್ಕೋತೀನಿ. ಬಣ್ಣ ನಿಮ್ಮ ಪಾಲು."

ಮೊದಲ ಗಿರಾಕಿ ಎದುರಿನ ಔಷಧಿ ಅಂಗಡಿಯವನು. ಅವನದು ಒಂದೇ ಷರತ್ತು: ಮಾಸ್ತರು ಬರೆದ ತನ್ನ ಅಂಗಡಿಯ ಬೋರ್ಡಿನ ಹಸಿರೇ ಮಗ್ಗಿನ ಮೇಲೂ ಬರಬೇಕು, ಇಲ್ಲವಾದರೆ ಬೇರೆ ಕಡೆ ಮಾಡಿಸುತ್ತಾನೆ. ಬಣ್ಣವೂ ಕೈಕೊಟ್ಟರೆ ತನಗೆ ಉಳಿಯುವುದು ಆ ಕುರ್ಚಿಯೊಂದೇ ಎಂದು ಮಾಸ್ತರಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯಲ್ಲಿ ಏನೂ ಅಲುಗಲಿಲ್ಲ.

"ಹೋಗಿ ಬೋರ್ಡ್ ನೋಡ್ಕೊಂಡು ಬರ್ತೀರಾ?" ಎಂದು ಸೊಸೆ ಕೇಳಿದಳು.

"ನಾನೇ ಕಲಸಿದ ಹಸಿರು. ನೋಡೋದೇನಿದೆ?"

ಪ್ರಿಂಟರಿನಿಂದ ಬಂದ ಕಾಗದದ ಮೇಲೆ ಹಸಿರು ಮಂಕಾಗಿತ್ತು. ಹಳದಿ ಏರಿಸು ಎಂದರು, ನೀಲಿ ತಗ್ಗಿಸು ಎಂದರು. ಮನಸ್ಸಿಗೆ ಒಪ್ಪುವ ಹಸಿರು ಕಂಡ ಮೇಲೆ ಆ ಕಾಗದವನ್ನು ಮಗ್ಗಿಗೆ ಸುತ್ತಿ ಪ್ರೆಸ್ಸಿಗೆ ಹಾಕಿಸಿದರು. ಹೊರಬಂದ ಮಗ್ಗು ಕಣ್ಣಿಗೆ ರಾಚುತ್ತಿತ್ತು.

"ಇದನ್ನ ಕಂಡವರಿಗೆ ಜ್ವರ ಬರುತ್ತೆ ಮಾವ. ಅಂಗಡಿಯವರಿಗೆ ಒಳ್ಳೇ ವ್ಯಾಪಾರ," ಎಂದಳು ಸೊಸೆ.

ಮತ್ತೆ ತಿದ್ದಿದರು, ಮತ್ತೆ ಕೆಟ್ಟಿತು. ಬಿಸಿ ಮಗ್ಗಿಗೆ ಮರಗಟ್ಟಿದ ಬಲಗೈ ತಾಗಿಸಿ ಬೆರಳು ಸುಟ್ಟುಕೊಂಡರು. ಸುಟ್ಟದ್ದು ತಿಳಿದದ್ದು ಸೊಸೆ ಕಿರುಚಿದಾಗಲೇ.

ಕೊನೆಗೆ ಅವಳು ಯಂತ್ರ ಮಾರಿದವನಿಗೆ ಫೋನ್ ಮಾಡಿದಳು.

"ಕಾಗದ ನೋಡಿ ಬಣ್ಣ ತಿದ್ದಿದ್ದು ಯಾರಮ್ಮ?" ಎಂದು ಅವನು ನಕ್ಕ. "ಈ ಇಂಕು ಕಾಗದದ ಮೇಲೆ ಮಂಕಾಗೇ ಇರುತ್ತೆ. ಕಾವಿಗೆ ಆವಿಯಾಗಿ ಮಗ್ಗಿನ ಲೇಪಕ್ಕೆ ಇಳಿದ ಮೇಲೇನೇ ಅದರ ನಿಜವಾದ ಬಣ್ಣ."

ಬಟ್ಟಲಲ್ಲಿ ಕಂಡದ್ದನ್ನೇ ಜೀವಮಾನವೆಲ್ಲ ಹಲಗೆಗೆ ಬಳಿದವರು ಮಾಡುವ ತಪ್ಪು ಅದು. ಮಾಸ್ತರು ಕೇಳಿಸಿಕೊಂಡು ತಲೆಯಾಡಿಸಿದರು, ಅಷ್ಟೇ. ಸೊಸೆ ಹಸಿರಿನ ಬಗೆಬಗೆಯ ಛಾಯೆಗಳನ್ನು ಪುಟ್ಟ ಚೌಕಗಳಾಗಿ ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಎಲ್ಲವನ್ನೂ ಒಂದೇ ಮಗ್ಗಿನ ಮೇಲೆ ಒತ್ತಿದಳು. ಅದು ಆರಿದ ಮೇಲೆ ಇಬ್ಬರೂ ಬೀದಿ ದಾಟಿದರು.

ಮಾಸ್ತರು ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಅವರು ಕಲಸಿದ್ದ ಹಸಿರು ಅಲ್ಲಿರಲಿಲ್ಲ. ಬಿಸಿಲು ಅದನ್ನು ನೆಕ್ಕಿ ನೆಕ್ಕಿ ಬೂದಿ ಬೆರೆಸಿದಂತೆ ಮಾಡಿತ್ತು. ಅವರ ನೆನಪಿನ ಹಸಿರು ಮಗ್ಗಿನ ಮೇಲಿನ ಸಾಲಿನಲ್ಲಿ ಸ್ಪಷ್ಟವಾಗಿ ಕೂತಿತ್ತು. ಬೋರ್ಡಿನದು ಕೆಳಗಿನ ಸಾಲಿನಲ್ಲಿತ್ತು.

ಅಂಗಡಿಯವನು ಹೊರಗೆ ಬಂದ. "ಏನ್ ಮಾಸ್ತರೇ, ನಿಮ್ಮ ಬಣ್ಣ ನಿಮಗೇ ಗುರುತು ಸಿಗ್ತಿಲ್ವಾ?"

"ಬೋರ್ಡು ಮಾಸಿದೆ," ಎಂದಳು ಸೊಸೆ. "ಮೊದಲಿನ ಬಣ್ಣ ಹಾಕೋಣ್ವಾ?"

"ಬೇಡಮ್ಮ. ನಮ್ಮ ಗಿರಾಕಿಗಳಿಗೆ ಗೊತ್ತಿರೋದು ಇದೇ."

ಮಾಸ್ತರು ಎಡಗೈಯಿಂದ ಕೆಳಗಿನ ಸಾಲಿನ ಒಂದು ಚೌಕ ತೋರಿಸಿದರು. ಅಂಗಡಿಯವನು ಸ್ಟೂಲು ಹತ್ತಿ ಮಗ್ಗನ್ನು ಬೋರ್ಡಿಗೆ ಒತ್ತಿ ಹಿಡಿದ. ಚೌಕದ ಅಂಚು ಎಲ್ಲಿ ಮುಗಿಯಿತು, ಹಲಗೆ ಎಲ್ಲಿ ಶುರುವಾಯಿತು ತಿಳಿಯಲಿಲ್ಲ.

"ಅಬ್ಬಾ, ಕಣ್ಣು ಅಂದ್ರೆ ಇದು! ಮಾಡಿ ಮಾಸ್ತರೇ, ಎಲ್ಲಾ ನೀವೇ ಮಾಡಿ."

ಮೊದಲು ಯಾವ ಹಸಿರಿತ್ತೆಂದು ಅವನು ಕೇಳಲಿಲ್ಲ, ಮಾಸ್ತರೂ ಹೇಳಲಿಲ್ಲ. ಸೊಸೆಗೆ ಚೌಕದ ಸಂಖ್ಯೆಯನ್ನು ಒಮ್ಮೆ ಓದಿ ಹೇಳಿ, ವಾಹನಗಳಿಗೆ ದಾರಿ ಬಿಟ್ಟು ಮನೆ ಕಡೆ ನಡೆದರು.